ಬಿಡುಗಡೆ ಕೇಳಿದ ಆಟಗಾರ

ಈ ಹೊತ್ತು ಒಬ್ಬ ಬೇಸ್‌ಬಾಲ್ ಆಟಗಾರರ ವಿಷಯ ಹೇಳ್ತೀನಿ. ಹೆಸರು ಬಿಲ್ಲಿ ಸಂಡೇ. 1862ರಲ್ಲಿ ಅಮೆರಿಕದ ಅಯೋವಾದಲ್ಲಿ ಹುಟ್ಟಿದರು. ಅಪ್ಪ ಅಂತರ್ಯುದ್ಧದ ಸೈನಿಕರು, ಕೂಸಿನ ಮುಖ ನೋಡದೆಯೇ ಕಾಯಿಲೆಯಿಂದ ತೀರಿಕೊಂಡರು. ಬಡತನದಲ್ಲಿ ತಾಯಿ ಹುಡುಗನನ್ನ ಸೈನಿಕರ ಮಕ್ಕಳ ಅನಾಥಾಶ್ರಮಕ್ಕೆ ಕಳಿಸಬೇಕಾಯ್ತು. ಅವನ ಹತ್ತಿರ ಇದ್ದ ಆಸ್ತಿ ಒಂದೇ, ಕಾಲು. ಗಾಳಿ ಥರ ಓಡ್ತಿದ್ದ.

1883ರಲ್ಲಿ ಶಿಕಾಗೋ ವೈಟ್ ಸ್ಟಾಕಿಂಗ್ಸ್ ತಂಡ ಅವರನ್ನ ಕರೆಯಿತು. ಇವತ್ತಿನ ಶಿಕಾಗೋ ಕಬ್ಸ್ ಅಂದ್ರೆ ಇದೇ. ನ್ಯಾಷನಲ್ ಲೀಗ್ ಶುರುವಾದ 1876ರಲ್ಲೇ ಚಾಂಪಿಯನ್, ಆಮೇಲೆ 1880, 1881, 1882 ಸಾಲಾಗಿ ಮೂರು ಸಲ. ಅಂಥ ತಂಡದಲ್ಲಿ ತಮ್ಮ ಮೊದಲ ಪಂದ್ಯದಲ್ಲೇ ಸಂಡೇ ನಾಲ್ಕು ಸಲ ಸ್ಟ್ರೈಕ್ ಔಟ್! ಆದರೂ ಕ್ಯಾಪ್ಟನ್ ಕ್ಯಾಪ್ ಆನ್ಸನ್ ಅವರನ್ನ ಕೈಬಿಡಲಿಲ್ಲ. 1885, 1886ರಲ್ಲಿ ತಂಡ ಮತ್ತೆ ಲೀಗ್ ಗೆದ್ದಾಗ ಸಂಡೇ ಅದರಲ್ಲಿದ್ದರು.

ಅದೇ ತಂಡದ ದೊಡ್ಡ ಸ್ಟಾರ್ ಕಿಂಗ್ ಕೆಲ್ಲಿ. 1887ರಲ್ಲಿ ಬೋಸ್ಟನ್ ತಂಡ ಅವರನ್ನ 10,000 ಡಾಲರ್ ಕೊಟ್ಟು ಕೊಂಡುಕೊಂಡಿತು, ಆ ಕಾಲಕ್ಕೆ ಊಹೆಗೂ ಮೀರಿದ ಹಣ. ಕುಡಿತ ಬಿಡಲಿಲ್ಲ. 1894ರಲ್ಲಿ ತೀರಿಕೊಂಡಾಗ ವಯಸ್ಸು ಬರೀ 36.

ಸಂಡೇ ಕೂಡ ಕುಡಿಯೋ ಗೆಳೆಯರ ಜೊತೆಯಲ್ಲೇ ಇದ್ದರು. ಶಿಕಾಗೋದಲ್ಲಿ ಒಂದು ಭಾನುವಾರ ಬೀದಿ ಮೂಲೆಯಲ್ಲಿ ಪೆಸಿಫಿಕ್ ಗಾರ್ಡನ್ ಮಿಷನ್‌ನವರು ಹಾಡ್ತಿದ್ದ ಕೀರ್ತನೆ ಕಿವಿಗೆ ಬಿತ್ತು. ತಾಯಿ ಹಾಡ್ತಿದ್ದ ಹಾಡುಗಳು ಅವು. ಆ ಮಿಷನ್ನಿಗೆ ಹೋಗತೊಡಗಿದರು, ಅಲ್ಲೇ ರಕ್ಷಣೆ ಹೊಂದಿದರು.

ಆದರೆ ಮರುದಿನವೇ ಕೆಲಸ ಬಿಟ್ಟು ಓಡಲಿಲ್ಲ, ಗಮನಿಸಿ. ಇನ್ನೂ ಹಲವು ವರ್ಷ ಆಡಿದರು. 1890ರಲ್ಲಿ ಒಂದೇ ಸೀಸನ್‌ನಲ್ಲಿ 84 ಬೇಸ್ ಕದ್ದರು, ಅಂದ್ರೆ ಚೆಂಡೆಸೆಯುವವನ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡೋದು. ಆಗ ಫಿಲಡೆಲ್ಫಿಯಾ ತಂಡದ ಜೊತೆ ಮೂರು ವರ್ಷದ ಕಾಂಟ್ರ್ಯಾಕ್ಟ್. ಸೇವೆಯ ಕರೆ ಹೃದಯದಲ್ಲಿ ಉರಿತಾ ಇದೆ, ಸಹಿ ಕಾಗದದ ಮೇಲಿದೆ. ನೋಟಿಸ್ ಪೀರಿಯಡ್ ಮುಗಿಸದೆ ಫೋನ್ ಆಫ್ ಮಾಡೋರು ನಮ್ಮಲ್ಲೂ ಇದ್ದಾರಲ್ವಾ? ಸಂಡೇ ಹಾಗೆ ಮಾಡಲಿಲ್ಲ. ಪ್ರಾರ್ಥಿಸಿದರು, ಬಿಡುಗಡೆ ಕೇಳಿದರು, ಕಾದರು. 1891ರಲ್ಲಿ ಅದು ಸಿಕ್ಕಿತು. ತಕ್ಷಣ ಇನ್ನೊಂದು ಆಫರ್, ವರ್ಷಕ್ಕೆ 3,000 ಡಾಲರ್‌ಗೂ ಕಡಿಮೆಯಿಲ್ಲ. ಅದನ್ನ ಬಿಟ್ಟು ಶಿಕಾಗೋ ವೈಎಂಸಿಎಯಲ್ಲಿ ತಿಂಗಳಿಗೆ ಸುಮಾರು 83 ಡಾಲರ್‌ನ ಕೆಲಸಕ್ಕೆ ಸೇರಿದರು. ಮನೆಯಲ್ಲಿ ಹೆಂಡತಿ ನೆಲ್, ಚಿಕ್ಕ ಮಗಳು.

ಮುಂದೆ ಅವರು ದೇಶಕ್ಕೇ ಹೆಸರಾದ ಸುವಾರ್ತಿಕರಾದರು. (ನಮ್ಮ ಹಾಗೆ ಪೆಂತೆಕೋಸ್ತಿನವರಲ್ಲ, ಪ್ರೆಸ್ಬಿಟೇರಿಯನ್.) 1917ರ ನ್ಯೂಯಾರ್ಕ್ ಕೂಟಗಳು ಹತ್ತು ವಾರ ನಡೆದವು. ಅಲ್ಲಿಯ ಕಾಣಿಕೆಯನ್ನ ಯುದ್ಧಕಾಲದ ಸೇವೆಗೆ ಕೊಟ್ಟರು.

ಸಿಹಿ ಸಾಕ್ಷಿ ಮಾತ್ರ ಹೇಳಿ ಮುಗಿಸಲಾರೆ. ಅವರು ಊರೂರು ಸುತ್ತುವಾಗ ಗಂಡುಮಕ್ಕಳು ದಾರಿ ತಪ್ಪಿದರು. ಕುಡಿತದ ವಿರುದ್ಧ ಜೀವನವಿಡೀ ಸಾರಿದ ತಂದೆಯ ಮನೆಗೇ ಕುಡಿತ ಬಂತು. 1932ರಲ್ಲಿ ಮಗಳು ಹೆಲನ್ ಹೋದಳು, ಮರುವರ್ಷ ಹಿರಿಯ ಮಗ ಜಾರ್ಜ್ ತನ್ನ ಪ್ರಾಣ ತಾನೇ ತೆಗೆದುಕೊಂಡ. ಆಮೇಲೂ ಸಂಡೇ ಪ್ರಸಂಗ ಪೀಠ ಹತ್ತಿದರು. 1935ರ ನವೆಂಬರ್ 6ರಂದು ಶಿಕಾಗೋದಲ್ಲಿ ತೀರಿಕೊಳ್ಳುವ ಕೆಲವೇ ದಿನ ಮುಂಚೆಯೂ ಸಾರಿದ್ದರು.