ಒಲೆಯ ಬೆಳಕಿನಲ್ಲಿ ಬೆಳಗಿದ ತಾಯಿ: ಮಾರ್ಗರೀಟ ಬೋಸ್ಕೊ

ಸಂತರ ಚರಿತ್ರೆಗಳನ್ನು ಓದುವಾಗ ನಮ್ಮ ದೃಷ್ಟಿ ಬಲಿಪೀಠದ ಕಡೆಗೆ ಹರಿಯುವುದು ಸಹಜ. ಅವರಿಗೆ ಉಣಬಡಿಸಿದ ಕೈಗಳು ಯಾರವು ಎಂದು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಯುವಜನರ ತಂದೆಯೆಂದು ಪ್ರಖ್ಯಾತರಾದ ಸಂತ ಜಾನ್ ಬೋಸ್ಕೊ ಅವರ ಹೆಸರನ್ನು ಕೇಳದ ಕಥೋಲಿಕ ಕುಟುಂಬ ನಮ್ಮಲ್ಲಿ ವಿರಳ. ಆದರೆ ಅವರು ತೆರೆದ ಅನಾಥ ಬಾಲಕರ ಮನೆಯ ಆರಂಭದ ವರ್ಷಗಳ ಭಾರವನ್ನು ಅಡುಗೆಮನೆಯಲ್ಲಿ ನಿಂತು ಹೊತ್ತವರು ಓದು ಬರಹ ತಿಳಿಯದ ಓರ್ವ ರೈತ ವಿಧವೆ. ಆಕೆ ಅವರ ಹೆತ್ತ ತಾಯಿ ಮಾರ್ಗರೀಟ. ಸಲೇಷಿಯನ್ ಕುಟುಂಬ ಇಂದಿಗೂ ಆಕೆಯನ್ನು ‘ಮಮ್ಮಾ ಮಾರ್ಗರೀಟ’ ಎಂದೇ ಪ್ರೀತಿಯಿಂದ ಸ್ಮರಿಸುತ್ತದೆ.

ಇಟಲಿಯ ಉತ್ತರ ಭಾಗದ ಪಿಯೆಮೊಂಟೆ ಪ್ರಾಂತದ ಕಪ್ರಿಲಿಯೊ ಎಂಬ ಹಳ್ಳಿಯಲ್ಲಿ 1788ರ ಏಪ್ರಿಲ್ 1ರಂದು ಮಾರ್ಗರೀಟ ಒಕ್ಕಿಯೇನಾ ಜನಿಸಿದರು. ತಂದೆ ತಾಯಿಗಳು ದುಡಿದು ಉಣ್ಣುವ ರೈತರು. ಮನೆ ತುಂಬ ಮಕ್ಕಳು. ಶಾಲೆಯ ಮೆಟ್ಟಿಲು ಹತ್ತುವ ಅವಕಾಶ ಆಕೆಗೆ ದೊರೆಯಲಿಲ್ಲ. ಆದರೆ ಧರ್ಮೋಪದೇಶದ ಪ್ರಶ್ನೋತ್ತರಗಳೂ ಪ್ರಾರ್ಥನೆಗಳೂ ಕಂಠಸ್ಥವಾಗಿದ್ದವು. ಹೊಲದ ಕೆಲಸ, ದನಕರುಗಳ ಆರೈಕೆ, ಒಲೆಯ ಕೆಲಸ ಇವೇ ಆಕೆಯ ವಿದ್ಯಾಭ್ಯಾಸವಾದವು.

1812ರಲ್ಲಿ ಆಕೆ ಫ್ರಾಂಚೆಸ್ಕೊ ಬೋಸ್ಕೊ ಎಂಬ ವಿಧುರನ ಕೈಹಿಡಿದರು. ಆ ಮನೆಯಲ್ಲಿ ಮೊದಲ ಪತ್ನಿಯ ಮಗ ಅಂತೋನಿಯೊ ಇದ್ದನು. ಫ್ರಾಂಚೆಸ್ಕೊನ ವೃದ್ಧ ತಾಯಿಯೂ ಇದ್ದರು. 1813ರಲ್ಲಿ ಜುಸೆಪ್ಪೆ, 1815ರ ಆಗಸ್ಟ್ 16ರಂದು ಜೊವಾನ್ನಿ, ಅಂದರೆ ನಮ್ಮ ಜಾನ್ ಬೋಸ್ಕೊ, ಜನಿಸಿದರು. ಸಂಸಾರ ಸುಗಮವಾಗಿ ಸಾಗುತ್ತಿರುವಾಗಲೇ ವಿಪತ್ತು ಎರಗಿತು. ಕೆಲಸದಿಂದ ಬೆವರಿ ಬಂದ ಫ್ರಾಂಚೆಸ್ಕೊ ತಣ್ಣಗಿನ ನೆಲಮಾಳಿಗೆಗೆ ಇಳಿದುದರಿಂದ ಜ್ವರಕ್ಕೆ ತುತ್ತಾಗಿ 1817ರ ಮೇ 11ರಂದು ತೀರಿಕೊಂಡರು. ಆಗ ಮಾರ್ಗರೀಟರಿಗೆ 29 ವರ್ಷ. ಕಿರಿಯ ಮಗನಿಗೆ ಇನ್ನೂ 2 ವರ್ಷ ತುಂಬಿರಲಿಲ್ಲ.

ಅದೇ ವರ್ಷ ಅನಾವೃಷ್ಟಿ ಮತ್ತು ಹಿಮದ ಹೊಡೆತದಿಂದ ಆ ಸೀಮೆಯಲ್ಲಿ ಘೋರ ಕ್ಷಾಮ ತಲೆದೋರಿತು. ಮನೆಯಲ್ಲಿದ್ದ ಧಾನ್ಯವೆಲ್ಲ ಮುಗಿಯಿತು. ಮಾರ್ಗರೀಟರು ನೆರೆಮನೆಯವನೊಬ್ಬನ ಕೈಗೆ ಹಣಕೊಟ್ಟು ದವಸ ತರಲು ಕಳುಹಿಸಿದರು. ಅವನು ಸಂತೆಗಳನ್ನೆಲ್ಲ ಸುತ್ತಿ ಸಂಜೆಗೆ ಬರಿಗೈಯಲ್ಲಿ ಮರಳಿದನು. ಅಂದು ಹಸಿದ ಮಕ್ಕಳೂ ವೃದ್ಧೆಯೂ ಆಕೆಯ ಮುಖವನ್ನೇ ನೋಡುತ್ತಿದ್ದರು. ಆಕೆ ಎಲ್ಲರನ್ನೂ ಮೊಣಕಾಲೂರಿಸಿ ಪ್ರಾರ್ಥಿಸಿದರು. ಎದ್ದವರೇ ನೆರೆಯವನ ಸಹಾಯದಿಂದ ಕೊಟ್ಟಿಗೆಯಲ್ಲಿದ್ದ ಕರುವನ್ನು ಕೊಯ್ಯಿಸಿ, ಮಾಂಸದ ಒಂದು ಭಾಗವನ್ನು ಬೇಯಿಸಿ ಬಡಿಸಿದರು. ರೈತನ ಮನೆಯಲ್ಲಿ ಕರುವೆಂದರೆ ನಾಳಿನ ಬದುಕು. ನಾಳೆಯನ್ನು ದೇವರಿಗೆ ಒಪ್ಪಿಸಿ ಇಂದಿನ ಹಸಿವನ್ನು ನೀಗಿಸುವ ಧೈರ್ಯ ಆಕೆಗಿತ್ತು. ಮುಂದೆ ದೂರದ ಊರುಗಳಿಂದ ದುಬಾರಿ ಬೆಲೆಗೆ ಧಾನ್ಯ ತರಿಸಿ ಆ ಕುಟುಂಬ ಉಳಿಯಿತು.

ಆಕೆಗೆ ಅನುಕೂಲವಾದ ಮರುವಿವಾಹದ ಸಂಬಂಧ ಬಾರದೆ ಇರಲಿಲ್ಲ. ಮಕ್ಕಳನ್ನು ಪೋಷಕನೊಬ್ಬನಿಗೆ ಒಪ್ಪಿಸಬೇಕೆಂಬುದು ಅದರ ಕರಾರು. ಪೋಷಕನು ಸ್ನೇಹಿತನಾಗಬಲ್ಲನೇ ಹೊರತು ತಾಯಿಯಾಗಲಾರನೆಂದು ಆಕೆ ಅದನ್ನು ನಿರಾಕರಿಸಿದರು.

ಬೆಕ್ಕಿ ಎಂಬ ಆ ಕುಗ್ರಾಮದ ಪುಟ್ಟ ಮನೆಯ ದಿನಚರಿ ಸರಳವಾಗಿತ್ತು. ಬೆಳಿಗ್ಗೆ ಮತ್ತು ರಾತ್ರಿ ಮನೆಮಂದಿಯೆಲ್ಲ ಕೂಡಿ ಪ್ರಾರ್ಥನೆ, ಹಗಲೆಲ್ಲ ದುಡಿಮೆ, ಹೊತ್ತಿಗೆ ಸರಿಯಾಗಿ ಪೊಲೆಂಟಾ. ಮೆಕ್ಕೆಜೋಳದ ಹಿಟ್ಟನ್ನು ಕುದಿವ ನೀರಿಗೆ ಸುರಿದು, ಗಂಟಾಗದಂತೆ ಬಹು ಹೊತ್ತು ತೊಳಸಿ ಗಟ್ಟಿಮಾಡುವ ಈ ಆಹಾರ ನಮ್ಮ ರಾಗಿ ಮುದ್ದೆಯ ಸೋದರಸಂಬಂಧಿ ಎನ್ನಬಹುದು. ರಾತ್ರಿಯ ವೇಳೆ ಬಾಗಿಲಿಗೆ ಬಂದ ಭಿಕ್ಷುಕರಿಗೂ ದಾರಿಹೋಕರಿಗೂ ಆ ಮಡಕೆಯಲ್ಲಿ ಪಾಲಿರುತ್ತಿತ್ತು. ನಕ್ಷತ್ರಗಳನ್ನು ಕಂಡಾಗ ಸೃಷ್ಟಿಕರ್ತನನ್ನೂ ಸುಗ್ಗಿ ಬಂದಾಗ ಆತನ ಉಪಕಾರವನ್ನೂ ಆಕೆ ಮಕ್ಕಳಿಗೆ ನೆನಪಿಸುತ್ತಿದ್ದರು.

ಅಡುಗೆಮನೆಯ ಮೂಲೆಯಲ್ಲಿ ಒಂದು ಕೋಲು ಸದಾ ಇರುತ್ತಿತ್ತಂತೆ. ಒಮ್ಮೆ ತಾಯಿ ಸಂತೆಗೆ ಹೋಗಿದ್ದಾಗ ಬಾಲಕ ಜಾನ್ ಎತ್ತರದಲ್ಲಿದ್ದ ವಸ್ತುವನ್ನು ತೆಗೆಯಹೋಗಿ ಎಣ್ಣೆಯ ಪಾತ್ರೆಯನ್ನು ಬೀಳಿಸಿ ಒಡೆದನು. ಎಣ್ಣೆ ನೆಲದ ಪಾಲಾಯಿತು. ಅವನು ಬೇಲಿಯಿಂದ ಒಂದು ಬೆತ್ತವನ್ನು ಕಡಿದು, ಅದರ ತೊಗಟೆಯನ್ನು ಅಂದವಾಗಿ ಕೆತ್ತಿ, ತಾಯಿಗೆ ಎದುರಾಗಿ ನಡೆದು, ನಡೆದುದನ್ನು ಹೇಳಿ ಅದನ್ನು ಆಕೆಯ ಕೈಗಿತ್ತನು. ತಾಯಿ ನಕ್ಕುಬಿಟ್ಟರು. ತಪ್ಪನ್ನು ಒಪ್ಪಿಕೊಂಡ ಮಗನಿಗೆ ಆ ಬೆತ್ತದ ಅಗತ್ಯವಿಲ್ಲವೆಂದು ಆಕೆ ಬಲ್ಲವರಾಗಿದ್ದರು.

ಆದರೆ ಎಲ್ಲ ಗಾಯಗಳಿಗೂ ನಗು ಮದ್ದಾಗಲಿಲ್ಲ. ತಂದೆ ತೀರಿದ ಮೇಲೆ ಹೊಲದ ಭಾರ ಹಿರಿಯ ಮಗ ಅಂತೋನಿಯೊನ ಹೆಗಲೇರಿತ್ತು. ತಮ್ಮನು ಊಟದ ಮೇಜಿನ ಮೇಲೂ ಪುಸ್ತಕ ಹಿಡಿದಿರುವುದನ್ನು ಕಂಡು ಅವನಿಗೆ ಸಿಟ್ಟೇರುತ್ತಿತ್ತು. ಜಗಳ ಅತಿಯಾಯಿತು. ಅಂತೋನಿಯೊ ಆಕೆಯ ಹೊಟ್ಟೆಯಲ್ಲಿ ಹುಟ್ಟಿದವನಲ್ಲ. ಆದ್ದರಿಂದಲೇ ಅವನಿಗೆ ಅನ್ಯಾಯವಾಯಿತೆಂಬ ಮಾತು ಬಾರದಂತೆ ಆಕೆ ಎಚ್ಚರ ವಹಿಸಬೇಕಾಗಿತ್ತು. 1827ರ ಫೆಬ್ರವರಿಯ ಚಳಿಯಲ್ಲಿ, 11 ವರ್ಷದ ಜಾನ್‌ನ ಕೈಗೆ ಬಟ್ಟೆಯ ಗಂಟನ್ನಿತ್ತು ಬೇರೆಯವರ ಮನೆಯಲ್ಲಿ ದುಡಿಯಲು ಕಳುಹಿಸಿದರು. ಮೊಲಿಯ ಎಂಬ ರೈತ ಕುಟುಂಬದಲ್ಲಿ ಅವನು ಎರಡು ವರ್ಷಕ್ಕೂ ಹೆಚ್ಚು ಕಾಲ ಜೀತದಾಳಿನಂತೆ ದುಡಿದನು. ಮನೆಯ ಶಾಂತಿಗಾಗಿ ಓದುವ ಮಗನನ್ನೇ ಹೊರಗೆ ಕಳುಹಿಸಿದ ಆ ತಾಯಿಯ ಸಂಕಟವನ್ನು ದೊಡ್ಡ ಕುಟುಂಬಗಳಲ್ಲಿ ಬಾಳಿದ ತಾಯಂದಿರು ಚೆನ್ನಾಗಿ ಅರಿತುಕೊಳ್ಳಬಲ್ಲರು. ಮುಂದೆ ಆಸ್ತಿ ಪಾಲಾಯಿತು. ಜಾನ್ ಓದು ಮುಂದುವರಿಸಿದನು.

ಮಗನು ಗುರುವಾಗಲು ಮನಸ್ಸು ಮಾಡಿದಾಗ ತಾಯಿ ತಮ್ಮ ವೃದ್ಧಾಪ್ಯದ ಚಿಂತೆಯನ್ನು ಮುಂದಿಡಲಿಲ್ಲ. ತಾನು ಬಡತನದಲ್ಲಿ ಹುಟ್ಟಿ ಬಡತನದಲ್ಲೇ ಬಾಳಿದವಳು. ಗುರುವಾಗಿ ಧನಿಕನಾದರೆ ಆ ಮನೆಯ ಹೊಸ್ತಿಲನ್ನು ತುಳಿಯುವುದಿಲ್ಲವೆಂದು ಮಾತ್ರ ಎಚ್ಚರಿಸಿದರು. 1841ರ ಜೂನ್ 5ರಂದು ಟೂರಿನ್ ನಗರದಲ್ಲಿ ಜಾನ್ ಬೋಸ್ಕೊ ಅವರಿಗೆ ಗುರುಪಟ್ಟವಾಯಿತು. ಪೂಜೆ ಅರ್ಪಿಸಲು ಆರಂಭಿಸುವುದೆಂದರೆ ಕಷ್ಟಪಡಲು ಆರಂಭಿಸುವುದೆಂದು ತಾಯಿ ಮಗನಿಗೆ ತಿಳಿಹೇಳಿದರು.

ಟೂರಿನ್‌ನ ಬೀದಿಗಳಲ್ಲಿ ಕೆಲಸ ಹುಡುಕುತ್ತ ಅಲೆಯುತ್ತಿದ್ದ ಬಾಲಕರನ್ನು ಒಟ್ಟುಗೂಡಿಸಿ ಡಾನ್ ಬೋಸ್ಕೊ ದುಡಿಯತೊಡಗಿದರು. 1846ರ ಬೇಸಿಗೆಯಲ್ಲಿ ಕಾಯಿಲೆಯಿಂದ ಸಾವಿನ ಅಂಚಿಗೆ ಹೋಗಿ ಬಂದ ಅವರು ಬೆಕ್ಕಿಯಲ್ಲಿ ವಿಶ್ರಾಂತಿ ಪಡೆದರು. ಮರಳಿ ಹೋಗುವಾಗ, ತಮ್ಮೊಡನೆ ಬಂದು ಮನೆಯನ್ನು ನೋಡಿಕೊಳ್ಳುವಿರಾ ಎಂದು ತಾಯಿಯನ್ನು ಕೇಳಿದರು. ಮಾರ್ಗರೀಟರಿಗೆ ಆಗ 58 ವರ್ಷ. ಮಗ ಜುಸೆಪ್ಪೆಯ ಮನೆಯಲ್ಲಿ ಮೊಮ್ಮಕ್ಕಳ ನಡುವೆ ನೆಮ್ಮದಿಯಾಗಿದ್ದರು. ಆದರೂ ಅದು ದೇವರ ಚಿತ್ತವಾದರೆ ಬರುವೆನೆಂದರು. ನವೆಂಬರ್ 3ರಂದು ತಾಯಿ ಮಗ ಇಬ್ಬರೂ ಕಾಲ್ನಡಿಗೆಯಲ್ಲಿ ನಗರಕ್ಕೆ ಹೊರಟರು. ಆಕೆಯ ಕೈಯಲ್ಲಿ ಬಟ್ಟೆಬರೆಯ ಬುಟ್ಟಿ, ಮಗನ ಕೈಯಲ್ಲಿ ಪೂಜಾಗ್ರಂಥ. ವಾಲ್ದೊಕ್ಕೊ ಎಂಬ ಹೊರವಲಯದ ಬಾಡಿಗೆಯ ಕೋಣೆಗಳಲ್ಲಿ ಸಾಮಾನೆಂಬುದು ಇರಲೇ ಇಲ್ಲ. ಮಾರ್ಗರೀಟರು ತಮ್ಮ ಮದುವೆಯ ಉಡುಪುಗಳನ್ನು ತರಿಸಿ ಪೂಜಾವಸ್ತ್ರಗಳನ್ನು ಹೊಲಿಸಿದರು. ಚಿನ್ನದ ಸರ ಮತ್ತು ಉಂಗುರವನ್ನು ಮಾರಿದರು.

ಹುಡುಗರಿಗೆ ಆಶ್ರಯ ಕೊಡುವ ಮೊದಲ ಪ್ರಯತ್ನ ಸೋತಿತು. ಹುಲ್ಲಟ್ಟದಲ್ಲಿ ಮಲಗಿಸಿದವರು ಬೆಳಗಾಗುವಷ್ಟರಲ್ಲಿ ಹೊದಿಕೆಗಳೊಡನೆ ಮಾಯವಾಗಿದ್ದರು. 1847ರ ಮೇ ತಿಂಗಳಲ್ಲಿ, ಮಳೆ ಸುರಿಯುತ್ತಿದ್ದ ಒಂದು ರಾತ್ರಿ, ಸುಮಾರು 15 ವರ್ಷದ ಅನಾಥ ಬಾಲಕನೊಬ್ಬ ತೊಯ್ದು ನಡುಗುತ್ತ ಬಾಗಿಲಿಗೆ ಬಂದನು. ಮಾರ್ಗರೀಟರು ಅವನನ್ನು ಒಲೆಯ ಬಳಿ ಕುಳ್ಳಿರಿಸಿ ಬಿಸಿ ಸೂಪು ಮತ್ತು ರೊಟ್ಟಿ ಕೊಟ್ಟರು. ಹಿಂದಿನ ಕಹಿ ಅನುಭವ ಮನಸ್ಸಿನಲ್ಲಿದ್ದರೂ, ಇಟ್ಟಿಗೆಗಳ ಮೇಲೆ ಹಲಗೆಗಳನ್ನು ಹಾಸಿ ಅಡುಗೆಮನೆಯಲ್ಲೇ ಹಾಸಿಗೆ ಸಿದ್ಧಪಡಿಸಿದರು. ಮಲಗುವ ಮುನ್ನ ದುಡಿಮೆ, ಪ್ರಾಮಾಣಿಕತೆ ಮತ್ತು ಧರ್ಮದ ಕುರಿತು ನಾಲ್ಕು ಮಾತು ಹೇಳಿ ಪ್ರಾರ್ಥನೆ ಮಾಡಿಸಿದರು. ಸಲೇಷಿಯನ್ ಮನೆಗಳಲ್ಲಿ ರಾತ್ರಿ ಮಲಗುವ ಮೊದಲು ಹಿರಿಯರು ಹೇಳುವ ಕಿರುಬೋಧೆಯ ಸಂಪ್ರದಾಯಕ್ಕೆ ಇದೇ ಮೂಲವೆಂದು ನಂಬಲಾಗಿದೆ. ವಾಲ್ದೊಕ್ಕೊದ ಆಶ್ರಮ ಮೊಳೆತದ್ದು ಹೀಗೆ, ಅಡುಗೆಮನೆಯ ನೆಲದ ಮೇಲೆ.

ಮನೆ ಬೆಳೆಯಿತು. ಕೆಲವೇ ವರ್ಷಗಳಲ್ಲಿ ಅಲ್ಲಿ ನೆಲೆಸಿದ ಬಾಲಕರ ಸಂಖ್ಯೆ ನೂರನ್ನು ದಾಟಿತು. ಸೂಪು, ರೊಟ್ಟಿ, ಪೊಲೆಂಟಾ, ಹಿತ್ತಿಲ ತರಕಾರಿ; ಊಟ ಇಷ್ಟೇ. ಹಗಲು ಸೌಟು ಹಿಡಿದ ಕೈ ರಾತ್ರಿ ಸೂಜಿ ಹಿಡಿದು ಹರಿದ ಬಟ್ಟೆಗಳಿಗೆ ತೇಪೆ ಹಾಕುತ್ತಿತ್ತು. 1849ರ ನವೆಂಬರ್‌ನಲ್ಲಿ ಸ್ಮಶಾನಕ್ಕೆ ಪ್ರಾರ್ಥನೆಗಾಗಿ ಹೋಗಿ ಬಂದ ಹುಡುಗರಿಗೆ ಬೇಯಿಸಿದ ಚೆಸ್ಟ್‌ನಟ್ ಹಂಚುವುದಾಗಿ ಡಾನ್ ಬೋಸ್ಕೊ ಮಾತುಕೊಟ್ಟಿದ್ದರು. ತಾಯಿ ಸ್ವಲ್ಪವನ್ನಷ್ಟೇ ಬೇಯಿಸಿದ್ದರು. ಹಂಚತೊಡಗಿದರೆ ಬುಟ್ಟಿ ಬರಿದಾಗಲೇ ಇಲ್ಲವೆಂದೂ ನೂರಾರು ಮಕ್ಕಳ ಕೈ ತುಂಬಿತೆಂದೂ ಸಲೇಷಿಯನ್ ಪರಂಪರೆ ಹೇಳುತ್ತದೆ. ಆ ಪವಾಡದ ಮುಂದೆ ನಾವು ತಲೆಬಾಗುತ್ತೇವೆ. ಆದರೆ ಇರುವಷ್ಟರಲ್ಲೇ ನಾಳಿನ ಊಟಕ್ಕೂ ಪಾಲು ಉಳಿಸಿದ ಆ ಗೃಹಿಣಿಯ ಮಿತವ್ಯಯವೂ ನಮಗೆ ಪಾಠವೇ.

ಆಕೆಗೂ ಬೇಸರ ಬಂದುದುಂಟು. ಯುದ್ಧದ ಆಟವಾಡುತ್ತಿದ್ದ ಹುಡುಗರು ಆಕೆ ಅಕ್ಕರೆಯಿಂದ ಬೆಳೆಸಿದ ತರಕಾರಿ ತೋಟವನ್ನೆಲ್ಲ ತುಳಿದು ಹಾಳುಮಾಡಿದರು. ಒಗೆದು ಹರವಿದ ಬಟ್ಟೆ ಮಣ್ಣಾಗುತ್ತಿತ್ತು; ಪಾತ್ರೆಗಳು ಕಾಣೆಯಾಗುತ್ತಿದ್ದವು. ಒಂದು ಸಂಜೆ, ಇನ್ನು ತನ್ನಿಂದಾಗದು, ಬೆಕ್ಕಿಗೆ ಮರಳಿ ಕೊನೆಯ ದಿನಗಳನ್ನು ಶಾಂತಿಯಿಂದ ಕಳೆಯುವೆನೆಂದು ಆಕೆ ಮಗನೆದುರು ದುಃಖ ತೋಡಿಕೊಂಡರು. ಡಾನ್ ಬೋಸ್ಕೊ ಏನೂ ಹೇಳಲಿಲ್ಲ. ಗೋಡೆಯ ಮೇಲಿದ್ದ ಶಿಲುಬೆಯತ್ತ ಬೆರಳು ತೋರಿಸಿದರು. ತಾಯಿಯ ಕಣ್ಣು ತುಂಬಿ ಬಂದವು. ಮಗನ ಮಾತು ಸರಿಯೆಂಬಂತೆ ತಲೆಯಾಡಿಸಿ ಮತ್ತೆ ತಮ್ಮ ಕೆಲಸಕ್ಕೆ ಮರಳಿದರು. ಬಳಿಕ ಸಾಯುವ ತನಕ ಆ ಮನೆಯನ್ನು ಬಿಡಲಿಲ್ಲ.

1854ರಲ್ಲಿ ಟೂರಿನ್‌ನಲ್ಲಿ ಕಾಲರಾ ಹಬ್ಬಿದಾಗ ಡಾನ್ ಬೋಸ್ಕೊ ಅವರ ಹುಡುಗರು ರೋಗಿಗಳ ಶುಶ್ರೂಷೆಗೆ ಇಳಿದರು. ಬಟ್ಟೆ ಬೇಕೆಂದು ಅವರು ಓಡಿ ಬಂದಾಗಲೆಲ್ಲ ಮಾರ್ಗರೀಟರು ಮನೆಯ ದುಪ್ಪಟಿಗಳನ್ನೂ ಮೇಜಿನ ಬಟ್ಟೆಗಳನ್ನೂ ಕೊಟ್ಟರು. ಕೊನೆಗೆ ಬಲಿಪೀಠದ ಬಟ್ಟೆಯನ್ನೂ ಕೊಟ್ಟರೆಂದು ಚರಿತ್ರಕಾರರು ತಿಳಿಸುತ್ತಾರೆ. ಅದೇ ವರ್ಷ ಆಶ್ರಮಕ್ಕೆ ಬಂದ ದೊಮಿನಿಕ್ ಸಾವಿಯೊ ಎಂಬ ಬಾಲಕನ ಪ್ರಾರ್ಥನಾಶೀಲತೆಯನ್ನು ಗಮನಿಸಿ ಮಗನಿಗೆ ತಿಳಿಸಿದವರೂ ಆಕೆಯೇ. 1954ರಲ್ಲಿ ಆ ಬಾಲಕನಿಗೆ ಸಂತ ಪದವಿ ದೊರೆಯಿತು.

ಹತ್ತು ವರ್ಷ ಬಾಲಕರಿಗಾಗಿ ದಣಿದ ಆ ದೇಹವನ್ನು ನ್ಯುಮೋನಿಯಾ ಆವರಿಸಿತು. 1856ರ ನವೆಂಬರ್ 25ರ ನಸುಕಿನಲ್ಲಿ, 68ನೆಯ ವಯಸ್ಸಿನಲ್ಲಿ, ಮಾರ್ಗರೀಟರು ದೈವಾಧೀನರಾದರು. ಬಡವರಂತೆ ಸಾಮಾನ್ಯ ಸಮಾಧಿಯಲ್ಲಿ ಹೂಳಲಾದುದರಿಂದ ಇಂದು ಹೂವಿಡಲು ಆಕೆಯದೆಂಬ ಗೋರಿಯೂ ಇಲ್ಲ. ಆಕೆ ತೀರಿದ 3 ವರ್ಷಗಳಲ್ಲಿ ಸಲೇಷಿಯನ್ ಸಭೆ ಸ್ಥಾಪನೆಯಾಯಿತು. 1906ರಲ್ಲಿ ಆ ಸಭೆಯವರು ತಂಜಾವೂರಿಗೆ ಬಂದಿಳಿದರು. ಇಂದು ನಮ್ಮ ಬೆಂಗಳೂರಿನಲ್ಲೂ ಬೀದಿಯ ಮಕ್ಕಳ ನಡುವೆ ದುಡಿಯುತ್ತಿದ್ದಾರೆ. ಜಾನ್ ಬೋಸ್ಕೊ ಅವರಿಗೆ ಸಂತ ಪದವಿ ದೊರೆತುದು 1934ರ ಏಪ್ರಿಲ್ 1ರ ಪುನರುತ್ಥಾನದ ಹಬ್ಬದಂದು. ಅದು ತಾಯಿಯ ಜನ್ಮದಿನವೂ ಹೌದು. 2006ರಲ್ಲಿ ಧರ್ಮಸಭೆ ಮಾರ್ಗರೀಟರ ವೀರೋಚಿತ ಸದ್ಗುಣಗಳನ್ನು ಮಾನ್ಯಮಾಡಿ ಆಕೆಯನ್ನು ‘ವಂದನೀಯ’ರೆಂದು ಘೋಷಿಸಿತು.

ನಮ್ಮ ಮನೆಗಳಲ್ಲಿ ಈಗ ಮಕ್ಕಳ ಸಂಖ್ಯೆ ಕಡಿಮೆಯಾಗಿದೆ. ಊಟದ ವೇಳೆಯೂ ಒಬ್ಬೊಬ್ಬರಿಗೆ ಒಂದೊಂದಾಗಿದೆ. ಬೆಳಗಿನ ಜಾವದಿಂದ ಅಡುಗೆಮನೆಯಲ್ಲಿರುವ ತಾಯಿಗೆ, ತನ್ನ ಕೆಲಸಕ್ಕೆ ಬೆಲೆಯಿಲ್ಲವೆಂಬ ಭಾವನೆ ಬರುವುದುಂಟು. ಮಾರ್ಗರೀಟರು ಗ್ರಂಥ ಬರೆಯಲಿಲ್ಲ, ಸಭೆಗಳಲ್ಲಿ ಮಾತನಾಡಲಿಲ್ಲ. ಹಸಿದವರಿಗೆ ಬಡಿಸಿ, ಬಡಿಸುವಾಗ ದೇವರ ಹೆಸರನ್ನು ಹೇಳಿದರು. ಇಂದು ರಾತ್ರಿ ನಮ್ಮ ಮನೆಗಳಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಕುಳಿತು, ಪ್ರಾರ್ಥಿಸಿ ಉಣ್ಣೋಣ; ಎದ್ದ ಮೇಲೆ, ಅಡುಗೆ ಮಾಡಿದ ಕೈಗಳಿಗೆ ಪಾತ್ರೆ ತೊಳೆಯಲು ನಮ್ಮ ಕೈಗಳನ್ನೂ ಜೋಡಿಸೋಣ. ಆ ತಾಯಿಯ ಸ್ಮರಣೆಗೆ ನಾವು ಸಲ್ಲಿಸಬಹುದಾದ ಹೂವು ಅದುವೇ.