ಒಂದೇ ಸೆಟ್ ಟೈರು, ನಾಲ್ಕು ರೇಸು: ಜಿಮ್ ಕ್ಲಾರ್ಕ್

ಹಾಸ್ಟೆಲ್‌ನಲ್ಲಿ ಭಾನುವಾರ ಸಂಜೆ ಫಾರ್ಮುಲಾ ಒನ್ ನೋಡುವ ಗುಂಪಿಗೆ ಸೆನ್ನಾ, ಶೂಮಾಕರ್, ಹ್ಯಾಮಿಲ್ಟನ್ ಎಲ್ಲಾ ಮನೆಮಂದಿ ಇದ್ದ ಹಾಗೆ. ಜಿಮ್ ಕ್ಲಾರ್ಕ್ ಅಂದ್ರೆ ಮಾತ್ರ ಅರ್ಧ ಜನ ಯಾರಪ್ಪಾ ಅದು ಅಂತಾರೆ. ಅವರ ತಪ್ಪೇನಿಲ್ಲ ಬಿಡಿ, ಮನುಷ್ಯ ಸತ್ತು ಅರ್ಧ ಶತಮಾನ ದಾಟಿದೆ. ಆದರೆ ಮೆಕ್ಯಾನಿಕಲ್ ಓದುವವರಾದರೂ ಅವನನ್ನು ತಿಳಿದಿರಬೇಕು ಅನ್ನೋದು ನನ್ನ ವಾದ. ಎರಡು ಸಲ ವಿಶ್ವ ಚಾಂಪಿಯನ್ ಆದ ಅನ್ನುವುದಕ್ಕಲ್ಲ. ರಬ್ಬರಿಗೂ ರಸ್ತೆಗೂ ಇರುವ ಸಂಬಂಧವನ್ನು ಅಂಗೈ ಮತ್ತು ಪಾದದಲ್ಲೇ ಲೆಕ್ಕ ಹಾಕಿದವನು ಅನ್ನುವುದಕ್ಕೆ.

ಹುಟ್ಟಿದ್ದು 1936ರ ಮಾರ್ಚ್ 4ರಂದು, ಸ್ಕಾಟ್ಲೆಂಡಿನ ಫೈಫ್ ಪ್ರಾಂತ್ಯದ ಕಿಲ್ಮೆನಿ ಎಂಬ ಹಳ್ಳಿಯಲ್ಲಿ. ಒಕ್ಕಲುತನದ ಮನೆ. ನಾಲ್ವರು ಅಕ್ಕಂದಿರ ನಂತರ ಹುಟ್ಟಿದ ಒಬ್ಬನೇ ಗಂಡು. 1942ರಲ್ಲಿ ಕುಟುಂಬ ಇಂಗ್ಲೆಂಡಿನ ಗಡಿಗೆ ಹತ್ತಿರವಿರುವ ಎಡಿಂಗ್ಟನ್ ಮೇನ್ಸ್ ಎಂಬ ದೊಡ್ಡ ಜಮೀನಿಗೆ ಬಂದು ನೆಲೆಸಿತು. ಕುರಿ ಸಾಕಣೆ, ಬೇಸಾಯ, ಚಳಿ, ಗಾಳಿ. ಅಜ್ಜ ಮತ್ತು ಚಿಕ್ಕಪ್ಪ ತೀರಿಕೊಂಡಾಗ ಹುಡುಗ ಹದಿನಾರನೇ ವಯಸ್ಸಿಗೇ ಶಾಲೆ ಬಿಟ್ಟು ಹೊಲಕ್ಕೆ ಇಳಿದ. ಒಬ್ಬನೇ ಮಗ, ಆಸ್ತಿ ನೋಡಿಕೊಳ್ಳಬೇಕಾದವನು. ರೇಸು ಗೀಸು ಅಂತ ಹೋಗುವುದು ತಂದೆತಾಯಿಗೆ ಸುತರಾಂ ಇಷ್ಟವಿರಲಿಲ್ಲ. ಈ ಕತೆ ನಮ್ಮ ಊರುಗಳಲ್ಲೂ ಹೊಸದಲ್ಲ, ಅಲ್ವಾ?

ಹಾಗಾಗಿ ಶುರುವಾದದ್ದು ಅರ್ಧ ಕದ್ದುಮುಚ್ಚಿ. 1956ರಲ್ಲಿ ಕ್ರೈಮಂಡ್ ಎಂಬ ಕಡೆ ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟಿನ ಮೇಲೆ, ಗೆಳೆಯ ಇಯಾನ್ ಸ್ಕಾಟ್ ವಾಟ್ಸನ್‌ನ ಪುಟ್ಟ ಡಿಕೆಡಬ್ಲ್ಯೂ ಕಾರಿನಲ್ಲಿ ಮೊದಲ ರೇಸು. ಸ್ಕಾಟ್ ವಾಟ್ಸನ್ ಸಹ ರೈತನೇ. ಕಾರು ತನ್ನದೇ ಆದರೂ ಗೆಳೆಯನ ಕೈಯಲ್ಲಿ ಅದು ಜಾಸ್ತಿ ವೇಗವಾಗಿ ಓಡುತ್ತೆ ಅನ್ನುವುದನ್ನು ಬೇಗ ಗಮನಿಸಿ, ತಾನು ಹಿಂದೆ ಸರಿದು ಅವನನ್ನು ಮುಂದೆ ನೂಕಿದವನು. ಇಂಥ ಗೆಳೆಯ ಎಷ್ಟು ಜನಕ್ಕೆ ಸಿಗ್ತಾನೆ ಹೇಳಿ.

1958ರ ಡಿಸೆಂಬರ್ 26ರಂದು ಲಂಡನ್ ಹತ್ತಿರದ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಕ್ಲಾರ್ಕ್ ಒಂದು ಲೋಟಸ್ ಎಲೀಟ್ ಓಡಿಸಿ ಎರಡನೆಯವನಾದ. ಗೆದ್ದವನು ಲೋಟಸ್ ಕಂಪನಿಯ ಮಾಲೀಕ ಕಾಲಿನ್ ಚಾಪ್‌ಮನ್. ಚಾಪ್‌ಮನ್ ಅಪ್ಪಟ ಎಂಜಿನಿಯರು. ತನ್ನ ಕಾರಿನಲ್ಲೇ ತನ್ನ ಬೆನ್ನುಹತ್ತಿ ಬಂದ ಈ ನಾಚಿಕೆ ಸ್ವಭಾವದ ಕುರಿಗಾರ ಯಾರು ಅಂತ ವಿಚಾರಿಸಿದ. 1960ರಿಂದ ಕ್ಲಾರ್ಕ್ ಫಾರ್ಮುಲಾ ಒನ್‌ನಲ್ಲಿ ಲೋಟಸ್ ಚಾಲಕ. ಸಾಯುವತನಕ ಬೇರೆ ತಂಡದ ಮುಖ ನೋಡಲಿಲ್ಲ.

ಆ ಕಾಲದ ರೇಸು ಹೇಗಿತ್ತು ಅನ್ನೋದನ್ನು ಇಲ್ಲಿ ಹೇಳಲೇಬೇಕು. ಬೆಲ್ಜಿಯಂನ ಸ್ಪಾ ಟ್ರ್ಯಾಕ್ ಅಂದ್ರೆ ಹಳ್ಳಿ, ಮರ, ಮನೆಗಳ ನಡುವೆ ಹಾದುಹೋಗುವ ಸಾರ್ವಜನಿಕ ರಸ್ತೆ. 1958ರಲ್ಲಿ ಕ್ಲಾರ್ಕ್ ಮೊದಲ ಸಲ ಅಲ್ಲಿ ಓಡಿಸಿದಾಗ ಅದೇ ರೇಸಿನಲ್ಲಿ ಆರ್ಚಿ ಸ್ಕಾಟ್ ಬ್ರೌನ್ ಎಂಬ ಚಾಲಕ ಸತ್ತ. 1960ರ ಗ್ರಾಂಪ್ರಿಯಲ್ಲಿ ಕ್ರಿಸ್ ಬ್ರಿಸ್ಟೋ ಸತ್ತ, ಅದೇ ದಿನ ಕ್ಲಾರ್ಕ್‌ನ ಜೊತೆಗಾರ ಅಲನ್ ಸ್ಟೇಸಿಯೂ ಸತ್ತ. ಮರುವರ್ಷ ಇಟಲಿಯ ಮೊನ್ಜಾದಲ್ಲಿ ಫೆರಾರಿಯ ವೋಲ್ಫ್‌ಗಾಂಗ್ ಫಾನ್ ಟ್ರಿಪ್ಸ್‌ನ ಕಾರಿಗೂ ಕ್ಲಾರ್ಕ್‌ನ ಕಾರಿಗೂ ತಾಗಿ, ಟ್ರಿಪ್ಸ್ ಮತ್ತು ಹತ್ತಕ್ಕೂ ಹೆಚ್ಚು ಪ್ರೇಕ್ಷಕರು ತೀರಿಕೊಂಡರು. ಕ್ಲಾರ್ಕ್‌ಗೆ ವಯಸ್ಸು ಇಪ್ಪತ್ತೈದು. ರೇಸು ಬಿಟ್ಟುಬಿಡೋಣ ಅನ್ನಿಸದೇ ಇರುತ್ತಾ? ಬಿಡಲಿಲ್ಲ. ಸ್ಪಾ ಅವನಿಗೆ ಕೊನೆತನಕ ಇಷ್ಟವಾಗಲಿಲ್ಲ, ಆದರೆ 1962ರಿಂದ 1965ರವರೆಗೆ ಸತತ ನಾಲ್ಕು ವರ್ಷ ಅಲ್ಲಿ ಗೆದ್ದವನು ಅವನೇ.

ಈಗ ಟೈರಿನ ವಿಷಯಕ್ಕೆ ಬರೋಣ. ರೇಸಿಂಗ್ ಮಂದಿ ಇವತ್ತಿಗೂ ಬಾಯಿ ಚಪ್ಪರಿಸಿ ಹೇಳುವ ಸಂಗತಿ ಒಂದಿದೆ. 1963ರ ಹಂಗಾಮಿನಲ್ಲಿ ಕ್ಲಾರ್ಕ್ ಒಂದೇ ಸೆಟ್ ಡನ್‌ಲಪ್ ಟೈರುಗಳ ಮೇಲೆ ನಾಲ್ಕು ಗ್ರಾಂಪ್ರಿ ಓಡಿಸಿದ ಅನ್ನುವುದು. ಇವತ್ತು ಒಬ್ಬ ಚಾಲಕನಿಗೆ ಸಾಮಾನ್ಯ ರೇಸ್ ವಾರಾಂತ್ಯವೊಂದಕ್ಕೇ 13 ಸೆಟ್ ಒಣ ಟೈರು ಕೊಡ್ತಾರೆ. ನಾಲ್ಕೆಲ್ಲಿ, ಹದಿಮೂರೆಲ್ಲಿ!

ಇದನ್ನು ಬರೀ ಪವಾಡ ಅಂತ ಕೈಮುಗಿದು ಬಿಟ್ಟರೆ ನಾವು ಎಂಜಿನಿಯರಿಂಗ್ ಓದಿ ಏನು ಪ್ರಯೋಜನ? ಸ್ವಲ್ಪ ಬಿಚ್ಚಿ ನೋಡೋಣ.

ರಬ್ಬರಿನ ಹಿಡಿತ ಎರಡು ದಾರಿಯಿಂದ ಬರುತ್ತೆ. ಒಂದು, ರಬ್ಬರಿನ ಅಣುಸರಪಳಿಗಳು ಡಾಂಬರಿನ ಜಲ್ಲಿಕಲ್ಲಿಗೆ ಕ್ಷಣಮಾತ್ರ ಅಂಟಿ, ಹಿಗ್ಗಿ, ಬಿಟ್ಟುಕೊಳ್ಳುವುದು. ಇನ್ನೊಂದು, ಕಲ್ಲಿನ ಉಬ್ಬುತಗ್ಗಿಗೆ ಒತ್ತಿಕೊಂಡ ರಬ್ಬರು ತಕ್ಷಣ ಮೊದಲಿನ ಆಕಾರಕ್ಕೆ ಮರಳದೆ ಸೋಮಾರಿತನ ಮಾಡುವುದು. ಈ ಸೋಮಾರಿತನಕ್ಕೇ ಹಿಸ್ಟರಿಸಿಸ್ ಅಂತ ಹೆಸರು. ಎರಡಕ್ಕೂ ಟೈರು ಸ್ವಲ್ಪವಾದರೂ ಜಾರಲೇಬೇಕು. ತಿರುವಿನಲ್ಲಿ ಚಕ್ರ ಮುಖಮಾಡಿದ ದಿಕ್ಕಿಗೂ ಅದು ನಿಜವಾಗಿ ಹೋಗುವ ದಿಕ್ಕಿಗೂ ಇರುವ ಕೋನವೇ ಸ್ಲಿಪ್ ಆಂಗಲ್. ಕೋನ ಹೆಚ್ಚಿದಂತೆ ಪಕ್ಕಬಲ ಏರುತ್ತೆ, ಒಂದು ಶಿಖರ ಮುಟ್ಟುತ್ತೆ, ಆಮೇಲೆ ಇಳಿಯುತ್ತೆ.

ಮಜಾ ಇರೋದು ಆ ಶಿಖರದ ಹತ್ತಿರ. ಅಲ್ಲಿ ರೇಖೆ ಚಪ್ಪಟೆಯಾಗಿರುತ್ತೆ. ಅಂದ್ರೆ ಶಿಖರಕ್ಕಿಂತ ತುಸು ಈಚೆಗೆ ನಿಂತ ಚಾಲಕನಿಗೂ, ತುಸು ಆಚೆಗೆ ದಾಟಿದ ಚಾಲಕನಿಗೂ ಸಿಗುವ ಬಲ ಹೆಚ್ಚುಕಡಿಮೆ ಒಂದೇ. ಆದರೆ ರಬ್ಬರು ಸವೆಯುವುದು ಬರೀ ಬಲದಿಂದ ಅಲ್ಲ, ಬಲವನ್ನು ಜಾರಿದ ದೂರದಿಂದ ಗುಣಿಸಿದ ಲೆಕ್ಕದಿಂದ. ಆಚೆ ದಾಟಿದವನು ಹೆಚ್ಚು ಜಾರುತ್ತಾನೆ, ಆ ಶಕ್ತಿಯೆಲ್ಲ ಶಾಖವಾಗಿ ರಬ್ಬರಿಗೇ ಹೋಗುತ್ತೆ. ಲ್ಯಾಪ್ ಟೈಮ್ ಅದೇ, ಟೈರಿನ ಗತಿ ಮಾತ್ರ ಬೇರೆ. ನೋಡುವವರಿಗೆ ಕಾರು ಅಡ್ಡಡ್ಡ ಜಾರಿಸುವವನೇ ಶೂರ ಅನ್ನಿಸುತ್ತೆ. ಕ್ಲಾರ್ಕ್ ಓಡಿಸಿದ್ದನ್ನು ಕಂಡವರು ಹೇಳಿದ್ದು ಇದಕ್ಕೆ ತದ್ವಿರುದ್ಧ: ಅವನು ವೇಗವಾಗಿ ಹೋಗುತ್ತಿದ್ದಾನೆ ಅನ್ನುವುದೇ ಗೊತ್ತಾಗುತ್ತಿರಲಿಲ್ಲವಂತೆ, ಸ್ಟಾಪ್‌ವಾಚ್ ನೋಡಿದ ಮೇಲಷ್ಟೇ ನಂಬಿಕೆ ಬರುತ್ತಿತ್ತು. ಬ್ರೇಕನ್ನು ತುಸು ಮುಂಚೆ ಮುಟ್ಟಿ, ತಿರುವಿನೊಳಕ್ಕೆ ಹೋಗುತ್ತಾ ಹೋಗುತ್ತಾ ಮೆಲ್ಲಗೆ ಬಿಡುವುದು ಅವನ ರೂಢಿ. ಮುಂದಿನ ಚಕ್ರಗಳ ಮೇಲಿನ ಭಾರ ಒಮ್ಮೆಲೇ ಕುಸಿಯುತ್ತಿರಲಿಲ್ಲ, ಸ್ಟಿಯರಿಂಗನ್ನು ಎಳೆದಾಡುವ ಅಗತ್ಯವೇ ಬೀಳುತ್ತಿರಲಿಲ್ಲ. ರೇಸು ಮುಗಿದ ಮೇಲೆ ಮೆಕ್ಯಾನಿಕ್‌ಗಳು ಕಾರು ಬಿಚ್ಚಿದರೆ ಜೊತೆಗಾರರ ಕಾರಿಗಿಂತ ಅವನ ಕಾರಿನ ಬ್ರೇಕ್ ಪ್ಯಾಡ್ ದಪ್ಪಗೆ ಉಳಿದಿರುತ್ತಿತ್ತು.

ಹಾಗಂತ ಎಲ್ಲಾ ಶ್ರೇಯಸ್ಸೂ ಕ್ಲಾರ್ಕ್‌ನ ಕೈಗೇ ಕೊಟ್ಟರೆ ಅದೂ ಅನ್ಯಾಯ. ಆಗಿನ ನಿಯಮದಲ್ಲಿ ಎಂಜಿನ್ 1.5 ಲೀಟರ್, ಕಾರಿನ ಕನಿಷ್ಠ ತೂಕ 450 ಕಿಲೋ, ಶಕ್ತಿ ಸುಮಾರು 200 ಅಶ್ವಶಕ್ತಿ. ರಬ್ಬರು ಇವತ್ತಿನದಕ್ಕಿಂತ ಬಹಳ ಗಟ್ಟಿ, ಟೈರು ಕಿರಿದು, ಮೇಲೆ ಗೆರೆಗಳಿದ್ದವು. ಬೋಳು ಸ್ಲಿಕ್ ಟೈರು ಫಾರ್ಮುಲಾ ಒನ್‌ಗೆ ಬಂದದ್ದು 1971ರಲ್ಲಿ. ಗೆರೆ ಇರುವ ಹೊಸ ಟೈರಿನ ಉದ್ದುದ್ದ ರಬ್ಬರ್ ತುಂಡುಗಳು ತಿರುವಿನಲ್ಲಿ ಬಳುಕುತ್ತವೆ, ಬಳುಕಿದಷ್ಟೂ ಬಿಸಿಯಾಗುತ್ತವೆ. ಅರ್ಧ ಸವೆದ ಟೈರಿನಲ್ಲಿ ಆ ಬಳುಕು ಕಡಿಮೆ, ಶಾಖವೂ ಕಡಿಮೆ. ಹಾಗಾಗಿ ಒಣ ರಸ್ತೆಯಲ್ಲಿ ಹಳೆಯ ಸೆಟ್ಟು ಚಾಲಕನಿಗೆ ಬಡತನವಲ್ಲ, ಎಷ್ಟೋ ಸಲ ವರವೇ. ಆದರೆ ಆ ವರ ಸಿಗಬೇಕಾದರೆ ಹಿಂದಿನ ರೇಸುಗಳಲ್ಲಿ ಅದನ್ನು ಸುಟ್ಟಿರಬಾರದು.

ಸುಡುವುದು ಅಂದೆನಲ್ಲ, ಅದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಫಾರ್ಮುಲಾ ಸ್ಟೂಡೆಂಟ್ ಹುಡುಗರಿಗೆ ಇದು ಅನುಭವದ ಮಾತು. ಹೋದ ವರ್ಷದ ಟೈರು ತೆಗೆದು ನೋಡಿದರೆ ರಬ್ಬರು ಬೇಕಾದಷ್ಟು ಉಳಿದಿರುತ್ತೆ, ಕಾರಿಗೆ ಹಾಕಿದರೆ ಸೋಪಿನ ಮೇಲೆ ಓಡಿಸಿದ ಹಾಗೆ. ಯಾಕೆ? ಟೈರು ಒಮ್ಮೆ ಕಾದು ತಣಿದರೆ ಒಂದು ಹೀಟ್ ಸೈಕಲ್. ಪ್ರತಿ ಸಲ ಕಾದಾಗಲೂ ಕಾರ್ಖಾನೆಯಲ್ಲಿ ಶುರುವಾದ ವಲ್ಕನೀಕರಣ ಇನ್ನಷ್ಟು ಮುಂದುವರಿಯುತ್ತೆ, ಗಂಧಕದ ಕೊಂಡಿಗಳು ಬಿಗಿಯಾಗುತ್ತವೆ, ರಬ್ಬರನ್ನು ಮೆದುವಾಗಿಟ್ಟಿದ್ದ ಎಣ್ಣೆಯಂಶ ಹೊರಟುಹೋಗುತ್ತೆ. ಗಟ್ಟಿಯಾದ ರಬ್ಬರು ಜಲ್ಲಿಯ ಸಂದಿಗೆ ಇಳಿಯಲ್ಲ. ಅಂದ್ರೆ ಟೈರು ಎರಡು ರೀತಿ ಸಾಯುತ್ತೆ: ಒಂದು ತೆಳ್ಳಗಾಗಿ, ಇನ್ನೊಂದು ಗಟ್ಟಿಯಾಗಿ. ಮೊದಲನೆಯದು ಸ್ಕೇಲ್ ಇಟ್ಟರೆ ಕಾಣುತ್ತೆ, ಎರಡನೆಯದಕ್ಕೆ ಡ್ಯೂರೋಮೀಟರ್ ಬೇಕು. ಕ್ಲಾರ್ಕ್ ಟೈರನ್ನು ಎರಡೂ ಸಾವಿನಿಂದ ದೂರ ಇಟ್ಟ. ಕಡಿಮೆ ಜಾರಿಸಿದ್ದರಿಂದ ಸವೆಯಲಿಲ್ಲ, ಕಡಿಮೆ ಕಾಯಿಸಿದ್ದರಿಂದ ಬೇಯಲೂ ಇಲ್ಲ.

ಆ 1963ರಲ್ಲಿ ಹತ್ತು ಗ್ರಾಂಪ್ರಿಗಳ ಪೈಕಿ ಏಳನ್ನು ಗೆದ್ದ. ಸ್ಪಾದಲ್ಲಿ ಎಂಟನೇ ಜಾಗದಿಂದ ಹೊರಟು, ಟಾಪ್ ಗೇರ್ ತಾನಾಗೇ ಜಾರಿಬರುತ್ತಿದ್ದುದರಿಂದ ಒಂದು ಕೈಯಲ್ಲಿ ಲಿವರ್ ಒತ್ತಿಹಿಡಿದು, ಸುರಿಯುವ ಮಳೆಯಲ್ಲಿ ಸುಮಾರು ಐದು ನಿಮಿಷದ ಅಂತರದಿಂದ ಗೆದ್ದ. ಸೆಕೆಂಡ್ ಅಲ್ಲ, ನಿಮಿಷ.

ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಮಾತ್ರ ಟೈರೇ ಅವನಿಗೆ ಪಾಠ ಹೇಳಿತು. 500 ಮೈಲಿಯ ಓವಲ್ ರೇಸು, 200 ಸುತ್ತು, ಎಲ್ಲಾ ಎಡ ತಿರುವು. 1963ರಲ್ಲಿ ಎರಡನೇ ಸ್ಥಾನ. 1964ರಲ್ಲಿ ಪೋಲ್ ಪೊಸಿಷನ್ ಸಿಕ್ಕಿತ್ತು, ಆದರೆ ಚಾಪ್‌ಮನ್ ಆರಿಸಿದ್ದ ಡನ್‌ಲಪ್ ಟೈರುಗಳ ರಬ್ಬರು ಆ ವೇಗ, ಆ ಶಾಖ ತಡೆಯದೆ ತುಂಡುತುಂಡಾಗಿ ಕಿತ್ತುಬಂತು. ಚಕ್ರದ ಸಮತೋಲ ಹೋಗಿ ಉಂಟಾದ ನಡುಕಕ್ಕೆ ಹಿಂಬದಿಯ ಸಸ್ಪೆನ್ಷನ್ನೇ ಮುರಿಯಿತು. ಮೂರು ಚಕ್ರದ ಮೇಲೆ ಕಾರನ್ನು ಹೇಗೋ ಸಂಭಾಳಿಸಿ ನಿಲ್ಲಿಸಿದ. ಇಲ್ಲಿ ಒಂದು ಮಾತು: ಎಷ್ಟೇ ನವಿರಾಗಿ ಓಡಿಸಿದರೂ, ಟೈರಿನೊಳಗೆ ಹುಟ್ಟುವ ಶಾಖ ಹೊರಹೋಗುವ ಶಾಖಕ್ಕಿಂತ ಹೆಚ್ಚಾದರೆ ಚಾಲಕನ ಕೈಯಲ್ಲಿ ಏನೂ ಇರಲ್ಲ. 1965ರಲ್ಲಿ ಫೈರ್‌ಸ್ಟೋನ್ ಟೈರು ಹಾಕಿಕೊಂಡು ಬಂದವನು 200ರಲ್ಲಿ 190 ಸುತ್ತು ಮುಂದಾಳಾಗಿ ಓಡಿ ಗೆದ್ದ. ಅಲ್ಲಿ ಹಿಂಬದಿ ಎಂಜಿನ್ನಿನ ಕಾರು ಗೆದ್ದದ್ದು ಅದೇ ಮೊದಲು. ಈ ರೇಸಿಗಾಗಿ ಮೊನಾಕೊ ಗ್ರಾಂಪ್ರಿಯನ್ನೇ ಬಿಟ್ಟಿದ್ದ, ಆದರೂ ಆ ವರ್ಷದ ವಿಶ್ವ ಚಾಂಪಿಯನ್ ಪಟ್ಟ ಅವನಿಗೇ.

1966 ಹೇಳಿಕೊಳ್ಳುವಂಥದ್ದಲ್ಲ. 1967ರಲ್ಲಿ ಲೋಟಸ್ 49 ಮತ್ತು ಕಾಸ್ವರ್ತ್ ಡಿಎಫ್‌ವಿ ಎಂಜಿನ್ ಬಂದವು. ನನಗೆ ಕೇಳಿದರೆ ಕ್ಲಾರ್ಕ್‌ನ ಅತಿ ದೊಡ್ಡ ರೇಸು ಅವನು ಗೆದ್ದ ಯಾವುದೂ ಅಲ್ಲ, ಆ ವರ್ಷ ಮೊನ್ಜಾದಲ್ಲಿ ಸೋತದ್ದು. ಮುಂದೆ ಇದ್ದಾಗ ಟೈರು ಪಂಕ್ಚರ್. ಪಿಟ್‌ಗೆ ಬಂದು ಚಕ್ರ ಬದಲಿಸಿ ಹೊರಡುವಷ್ಟರಲ್ಲಿ ಒಂದು ಪೂರ್ತಿ ಸುತ್ತು ಹಿಂದೆ. ಅಲ್ಲಿಂದ ಒಬ್ಬೊಬ್ಬರನ್ನೇ ದಾಟಿ, ಕಳೆದುಕೊಂಡ ಸುತ್ತನ್ನು ವಾಪಸ್ ಪಡೆದು, ಮತ್ತೆ ಮೊದಲನೆಯವನಾದ! ಕೊನೆಯ ಸುತ್ತಿನಲ್ಲಿ ಪೆಟ್ರೋಲ್ ಸರಿಯಾಗಿ ಎಂಜಿನ್ನಿಗೆ ಬರದೆ ಮೂರನೇ ಸ್ಥಾನಕ್ಕೆ ಜಾರಿದ. ಅಂಕಪಟ್ಟಿಯಲ್ಲಿ ಬರೀ 3 ಅಂತಿದೆ.

1968ರ ಜನವರಿ 1ರಂದು ದಕ್ಷಿಣ ಆಫ್ರಿಕಾದಲ್ಲಿ ಗೆದ್ದದ್ದು ಅವನ 25ನೇ ಗ್ರಾಂಪ್ರಿ. ಹುವಾನ್ ಮಾನ್ವೆಲ್ ಫ್ಯಾಂಜಿಯೊನ 24ರ ದಾಖಲೆ ಮುರಿಯಿತು. ಅದೇ ಅವನ ಕೊನೆಯ ಗ್ರಾಂಪ್ರಿ ಅಂತ ಯಾರಿಗೆ ಗೊತ್ತಿತ್ತು.

ಏಪ್ರಿಲ್ 7, ಜರ್ಮನಿಯ ಹಾಕನ್‌ಹೈಮ್. ಫಾರ್ಮುಲಾ ಟೂ, ಅಷ್ಟೇನೂ ಮಹತ್ವವಿಲ್ಲದ ರೇಸು. ಒದ್ದೆ ರಸ್ತೆ, ಎರಡೂ ಬದಿ ದಟ್ಟ ಕಾಡು, ತಡೆಬೇಲಿ ಇಲ್ಲ. ಐದನೇ ಸುತ್ತಿನಲ್ಲಿ ಎಂಟನೆಯವನಾಗಿ ಒಬ್ಬನೇ ಹೋಗುತ್ತಿದ್ದ ಕಾರು, ಚಾಲಕರು ತಿರುವು ಅಂತಲೂ ಲೆಕ್ಕಕ್ಕಿಡದ ಒಂದು ಸಣ್ಣ ಬಾಗಿನಲ್ಲಿ ಅಡ್ಡಡ್ಡ ಜಾರಿ ಮರಗಳಿಗೆ ಬಡಿಯಿತು. ವಯಸ್ಸು 32.

ವಿಮಾನ ಅಪಘಾತಗಳನ್ನು ಪರೀಕ್ಷಿಸಿ ಪಳಗಿದ್ದ ಪರಿಣತರೊಬ್ಬರು ಅವಶೇಷಗಳನ್ನು ನೋಡಿದರು. ಅನುಮಾನ ಹೋಗಿ ನಿಂತದ್ದು ಬಲಬದಿಯ ಹಿಂದಿನ ಟೈರಿನ ಮೇಲೆ: ನಿಧಾನವಾಗಿ ಗಾಳಿ ಇಳಿದಿತ್ತು ಅಂತ. ಇದು ನಾವು ಬೈಕಿನಲ್ಲಿ ಕಾಣುವ ಪಂಕ್ಚರ್ ಥರ ಅಲ್ಲ. ಅತಿ ವೇಗದಲ್ಲಿ ತಿರುಗುವ ಟೈರನ್ನು ಅದರ ಸುತ್ತುವಿಕೆಯೇ ಹೊರಕ್ಕೆ ಎಳೆದು ಹಿಡಿದಿರುತ್ತೆ. ಒಳಗೆ ಗಾಳಿ ಕಡಿಮೆಯಾದರೂ ನೇರ ರಸ್ತೆಯಲ್ಲಿ ಆಕಾರ ಕೆಡಲ್ಲ, ಚಾಲಕನಿಗೆ ಸುಳಿವೂ ಸಿಗಲ್ಲ. ಪಕ್ಕಬಲ ಬಿದ್ದ ಕ್ಷಣ ಟೈರಿನ ಅಂಚು ರಿಮ್ಮಿನ ಮೇಲಿನ ತನ್ನ ಜಾಗ ಬಿಟ್ಟು ಒಳಗಿನ ತಗ್ಗಿಗೆ ಬೀಳುತ್ತೆ. ಆಮೇಲೆ ಆ ಮೂಲೆಯಲ್ಲಿ ಹಿಡಿತ ಅನ್ನೋದೇ ಇಲ್ಲ, ಎಷ್ಟೇ ಸೂಕ್ಷ್ಮ ಕೈ ಇದ್ದರೂ ಹಿಡಿಯುವುದಕ್ಕೆ ಅಲ್ಲಿ ಏನೂ ಉಳಿದಿರಲ್ಲ.

ಉಳಿದ ಚಾಲಕರನ್ನು ನಡುಗಿಸಿದ್ದು ಇದೇ. ಬೇರೆಯವರು ಸತ್ತಾಗ, ಅವನು ಅತಿಯಾಗಿ ನುಗ್ಗಿದ, ಎಲ್ಲೋ ಎಡವಿದ ಅಂತ ಅವರವರೇ ಸಮಾಧಾನ ಮಾಡಿಕೊಳ್ಳುತ್ತಿದ್ದರು. ಕ್ಲಾರ್ಕ್ ವಿಷಯದಲ್ಲಿ ಆ ಸಮಾಧಾನಕ್ಕೆ ಜಾಗವೇ ಇರಲಿಲ್ಲ. ಮುಂದಿನ ವರ್ಷಗಳಲ್ಲಿ ತಡೆಬೇಲಿಗಾಗಿ, ವೈದ್ಯರಿಗಾಗಿ ಹಟ ಹಿಡಿದ ಜಾಕಿ ಸ್ಟುವರ್ಟ್ ಕ್ಲಾರ್ಕ್‌ನ ಆಪ್ತ ಗೆಳೆಯ, ಅವನೂ ಸ್ಕಾಟ್ಲೆಂಡಿನವನೇ.

ಕ್ಲಾರ್ಕ್‌ನನ್ನು ಮಣ್ಣು ಮಾಡಿದ್ದು ಜಮೀನಿಗೆ ಹತ್ತಿರದ ಚರ್ನ್‌ಸೈಡ್ ಹಳ್ಳಿಯಲ್ಲಿ. 72 ಗ್ರಾಂಪ್ರಿ, 25 ಗೆಲುವು, 33 ಪೋಲ್. ಸಮಾಧಿಯ ಕಲ್ಲಿನ ಮೇಲೆ ಹೆಸರಿನ ಕೆಳಗೆ ಮೊದಲು ಎಡಿಂಗ್ಟನ್ ಮೇನ್ಸ್‌ನ ರೈತ ಅಂತ ಕೆತ್ತಿದ್ದಾರೆ. ವಿಶ್ವ ಚಾಂಪಿಯನ್ ಅನ್ನುವುದು ಅದರ ನಂತರದ ಸಾಲಿನಲ್ಲಿದೆ. ಪಕ್ಕದ ಡನ್ಸ್ ಊರಿನಲ್ಲಿ ಅವನ ಹೆಸರಿನ ಮ್ಯೂಸಿಯಂ ಇದೆ. ಆ ಕಡೆ ಎಂ.ಎಸ್. ಮಾಡಲು ಹೋದವರು ಒಂದು ದಿನ ಬಿಡುವು ಮಾಡಿಕೊಂಡು ನೋಡಿಬನ್ನಿ.