ಮಠದ ತೋಟದ ವಿಜ್ಞಾನಿ ಗ್ರೆಗರ್ ಮೆಂಡೆಲ್

ಹಾವೇರಿ, ರಾಣೆಬೆನ್ನೂರು ಸೀಮೆಯ ಹೊಲಗಳಲ್ಲಿ ಹತ್ತಿಯ ಮೊಗ್ಗಿನಿಂದ ಸಂಜೆ ಕೇಸರಗಳನ್ನು ಕಳೆದು, ಮರುದಿನ ಮುಂಜಾನೆ ಅನ್ಯ ತಳಿಯ ಪರಾಗವನ್ನು ಸವರಿ ಸಂಕರಬೀಜ ಪಡೆಯುವ ಕಾಯಕವು ನಮ್ಮ ಜನರಿಗೆ ಚಿರಪರಿಚಿತವಾದುದು. 1972ರಲ್ಲಿ ಧಾರವಾಡದಿಂದ ಬಂದ ವರಲಕ್ಷ್ಮಿ ಹತ್ತಿಯೂ ಇಂತಹ ಸಂಕರದ ಫಲವೇ. ಈ ಕಾಯಕದ ಹಿಂದಿರುವ ನಿಯಮವನ್ನು ಮೊದಲು ಕಂಡವರು ಓರ್ವ ಮಠವಾಸಿ ಸಂನ್ಯಾಸಿ.

ಮೆಂಡೆಲ್ಲರು 1822ರಲ್ಲಿ ಅಂದಿನ ಆಸ್ಟ್ರಿಯಾ ಸಾಮ್ರಾಜ್ಯದ ಒಂದು ಹಳ್ಳಿಯಲ್ಲಿ ಬಡ ಒಕ್ಕಲಿನ ಮನೆಯಲ್ಲಿ ಜನಿಸಿದರು. ತಂದೆ ಅಪಘಾತದಿಂದ ದುಡಿಯಲಾರದೆ ಹೋದಾಗ, ತಂಗಿ ತೆರೇಸಿಯಾ ತನ್ನ ವಿವಾಹಕ್ಕೆಂದು ಇದ್ದ ಹಣದ ಒಂದು ಪಾಲನ್ನು ಅಣ್ಣನ ವಿದ್ಯೆಗೆ ಧಾರೆಯೆರೆದಳು. ಆ ಋಣವನ್ನು ಮರೆಯದ ಅಣ್ಣನು ಮುಂದೆ ಆಕೆಯ ಮಕ್ಕಳ ವಿದ್ಯಾಭ್ಯಾಸಕ್ಕೆ ನೆರವಾದನು. 1843ರಲ್ಲಿ ಬ್ರನೋ ನಗರದ ಸಂತ ಥಾಮಸರ ಮಠವನ್ನು ಸೇರಿದರು. ಶಿಕ್ಷಕ ಪರೀಕ್ಷೆಯಲ್ಲಿ ಎರಡು ಸಲವೂ ತೇರ್ಗಡೆಯಾಗಲಿಲ್ಲ. ಆದರೂ 1854ರಿಂದ ಹದಿನಾಲ್ಕು ವರ್ಷ ತಾತ್ಕಾಲಿಕ ಶಿಕ್ಷಕರಾಗಿಯೇ ಪಾಠ ಹೇಳಿದರು.

ಸಸ್ಯಗಳ ವಂಶ ಬೆಳೆಯುವುದು ಎರಡು ಬಗೆಯಲ್ಲಿ. ಬ್ಯಾಡಗಿಯ ಮೆಣಸಿನ ಬೀಜವು ಪರಾಗ ಹಾಗೂ ಅಂಡಗಳ ಸಂಯೋಗದಿಂದ ಹುಟ್ಟುವುದು. ಇದು ಲೈಂಗಿಕ ಕ್ರಮ. ಸವಣೂರಿನ ಎಲೆಬಳ್ಳಿಯಾದರೋ ಬಳ್ಳಿಯ ತುಂಡಿನಿಂದಲೇ ಚಿಗುರಿ ತಾಯಿಯ ಗುಣವನ್ನೇ ತಳೆಯುವುದು. ಇದು ಅಲೈಂಗಿಕ ಕ್ರಮ. ಮೆಂಡೆಲ್ಲರು ಮಠದ ತೋಟದಲ್ಲಿ 1856ರಿಂದ 1863ರವರೆಗೆ ಬಟಾಣಿ ಹೂಗಳ ಕೇಸರ ತೆಗೆದು, ಬೇರೆ ಹೂವಿನ ಪರಾಗವನ್ನಿಟ್ಟು, ಸಂತತಿಯನ್ನು ಎಣಿಸಿದರು. ದುಂಡು ಕಾಳಿಗೂ ಸುಕ್ಕು ಕಾಳಿಗೂ ಸಂಕರ ಮಾಡಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡಾದವು. ಎರಡನೆಯ ಪೀಳಿಗೆಯ 7,324 ಕಾಳುಗಳಲ್ಲಿ 5,474 ದುಂಡು, 1,850 ಸುಕ್ಕು. ಸುಮಾರು ಮೂರಕ್ಕೆ ಒಂದು. ಅಡಗಿದ ಗುಣವು ಅಳಿಯದೆ ಮರಳಿ ಮೈದೋರಿತು. ಈ ಪ್ರಬಂಧವು 1866ರಲ್ಲಿ ಪ್ರಕಟವಾದರೂ ಪಂಡಿತಲೋಕವು ಕಣ್ಣೆತ್ತಿ ನೋಡಲಿಲ್ಲ.

ತರುವಾಯ ಅವರು ಹೈರೇಸಿಯಂ ಎಂಬ ಹಳದಿ ಹೂವಿನ ಗಿಡವನ್ನು ಕೈಗೆತ್ತಿಕೊಂಡರು. ಅತಿ ಸೂಕ್ಷ್ಮವಾದ ಆ ಹೂಗಳಲ್ಲಿ ದುಡಿದು ಕಣ್ಣು ನೊಂದವು. ಫಲವೂ ವಿಪರೀತವಾಯಿತು: ಸಂಕರಗಳ ಸಂತತಿಯಲ್ಲಿ ಗುಣಗಳು ಬೇರ್ಪಡಲೇ ಇಲ್ಲ. ತಮ್ಮ ನಿಯಮಕ್ಕೆ ಒಪ್ಪದ ಈ ಫಲವನ್ನು ಅವರು ಮರೆಮಾಚದೆ 1869ರಲ್ಲಿ ಸಭೆಯ ಮುಂದಿಟ್ಟರು. ಆ ಗಿಡದ ಬೀಜವು ಬಹುಮಟ್ಟಿಗೆ ಪರಾಗದ ಸಂಯೋಗವಿಲ್ಲದೆಯೇ, ತಾಯಿಯ ಪ್ರತಿರೂಪವಾಗಿ ಕಟ್ಟುವುದೆಂಬ ಸತ್ಯವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊರಬಿದ್ದಿತು. ಬೀಜವಾದ ಮಾತ್ರಕ್ಕೆ ಅದು ಸಂಯೋಗದ ಫಲವಾಗಿರಲೇಬೇಕೆಂದಿಲ್ಲ! ನಿಯಮವು ತಪ್ಪಾಗಿರಲಿಲ್ಲ, ಗಿಡದ ಜನನಕ್ರಮವೇ ಬೇರೆಯಾಗಿತ್ತು.

1868ರಲ್ಲಿ ಮಠಾಧಿಪತಿಗಳಾದ ಮೆಂಡೆಲ್ಲರು ಮಠದ ಆಸ್ತಿಯ ಮೇಲಿನ ತೆರಿಗೆಯ ವ್ಯಾಜ್ಯದಲ್ಲಿ ಬಳಲಿ, 1884ರ ಜನವರಿ 6ರಂದು ದೇಹವಿಟ್ಟರು. 1900ರಲ್ಲಿ ಮೂವರು ವಿಜ್ಞಾನಿಗಳು ಅವರ ನಿಯಮವನ್ನು ಮತ್ತೆ ಬೆಳಕಿಗೆ ತಂದರು. ಆಸರೆಯಾದ ತಂಗಿಯ ತ್ಯಾಗ, ಮಠದ ತೋಟ, ಒಲ್ಲದ ಫಲವನ್ನೂ ಲೋಕದ ಮುಂದಿಡುವ ಸತ್ಯನಿಷ್ಠೆ ಇವು ಸೇರಿ ಆ ವಿದ್ಯೆ ಫಲಿಸಿತು. ಗುರುಗಳಿಗೂ ದಾನಿಗಳಿಗೂ ವಿದ್ಯಾರ್ಥಿಗಳಿಗೂ ಇದು ಆದರ್ಶಪ್ರಾಯವಾಗಲಿ.